ಮಾವನವರಿಗೆ ಹಗಲಲ್ಲಿ ಒಂದು ಆನೆ

ಕಾಡುದಾರಿ: ಓದುಗರ ಪ್ರಶ್ನೆಗಳಿಗೆ ಜೀಪು ಓಡಿಸಿದವರ ಉತ್ತರ

ಬೇಸಿಗೆ ರಜೆ ಹತ್ತಿರ ಬಂತು. ಈ ಸಲ ಬಂದ ಕಾಗದಗಳಲ್ಲಿ ಆನೆಯ ವಿಷಯವೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಆ ಕಾಗದ ಓದಿದ ಮೇಲೆ ಎರಡು ದಿನ ಅದೇ ತಲೆಯಲ್ಲಿತ್ತು. ಹೊಸದಾಗಿ ಓದುವವರಿಗೆ ಹೇಳುವುದಾದರೆ, ನಾನು ಭದ್ರಾ ಕಾಡಿನ ಲಕ್ಕವಳ್ಳಿ, ಮುತ್ತೋಡಿ ಕಡೆ ಇಪ್ಪತ್ತೆರಡು ವರ್ಷ ಪ್ರವಾಸಿಗರನ್ನು ಕೂರಿಸಿಕೊಂಡು ಜೀಪು ಓಡಿಸಿದವನು. ಈಗ ಆ ಕೆಲಸ ಮಗ ಮಾಡುತ್ತಾನೆ.

ಪ್ರಶ್ನೆ: ಅಣ್ಣಾ, ನಮ್ಮದು ಉಂಬ್ಳೇಬೈಲು ಕಡೆ ಅಡಿಕೆ ತೋಟ. ಮಾವನವರಿಗೆ 76 ವರ್ಷ. ತೋಟಕ್ಕೆ ಮೂರು ಸಲ ಆನೆ ಬಂದು ಹೋಗಿದೆ. ಬಾಳೆ ಮುರಿದಿದೆ, ಬೇಲಿ ಕೆಡವಿದೆ. ಬೆಳಿಗ್ಗೆ ಎದ್ದು ನೋಡಿದರೆ ಹೆಜ್ಜೆ ಮತ್ತು ಲದ್ದಿ ಮಾತ್ರ. ಮಾವನವರು ಇದುವರೆಗೆ ಕಾಡಾನೆಯನ್ನು ಕಣ್ಣಾರೆ ನೋಡಿಲ್ಲ. “ಒಂದ್ಸಲ ಹಗಲಲ್ಲಿ ಅದರ ಮುಖ ನೋಡ್ಬೇಕು” ಅಂತಾರೆ. ಅವರಿಗೆ ಮಂಡಿ ನೋವು. ಮಕ್ಕಳಿಬ್ಬರು, ಒಂಬತ್ತು ವರ್ಷ, ನಾಲ್ಕು ವರ್ಷ. ಒಟ್ಟು ಆರು ಜನ. ಬೇರೆಯವರ ಜೊತೆ ಬೇಡ, ನಮಗೇ ಒಂದು ಜೀಪು ಬೇಕು. ಪರಿಚಯದವರೊಬ್ಬರು, ರಾತ್ರಿ ಎಸ್ಟೇಟ್ ಅಂಚಿಗೆ ಜೀಪಿನಲ್ಲಿ ಕರೆದುಕೊಂಡು ಹೋಗಿ ಆನೆ ಖಂಡಿತ ತೋರಿಸುತ್ತೇನೆ ಅಂದಿದ್ದಾರೆ. ಹೋಗಬಹುದಾ? ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು?
ಒಬ್ಬ ಸೊಸೆ, ಶಿವಮೊಗ್ಗ ತಾಲ್ಲೂಕು

ಉತ್ತರ: ತಂಗಿ, ಮೊದಲು ಆ ರಾತ್ರಿ ಜೀಪಿನ ವಿಷಯ ಮುಗಿಸುತ್ತೇನೆ. ದಯವಿಟ್ಟು ಹೋಗಬೇಡಿ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ರೆಸಾರ್ಟಿನವರು ಇಂಥದ್ದೇ ಕೆಲಸಕ್ಕೆ ನನ್ನ ಜೀಪು ಕರೆದಿದ್ದರು. ಕಾಫಿ ತೋಟದ ಅಂಚು, ಕೈಯಲ್ಲಿ ದೊಡ್ಡ ಬೆಳಕಿನ ಲೈಟು. ಮೊದಲ ರಾತ್ರಿ ಏನೂ ಸಿಗಲಿಲ್ಲ. ಎರಡನೇ ರಾತ್ರಿ ತಾಯಿ ಆನೆ, ಅದರ ಹೊಟ್ಟೆಯ ಕೆಳಗೆ ಮರಿ. ಹಿಂದೆ ಕೂತವರು ಲೈಟನ್ನು ನೇರ ಅದರ ಕಣ್ಣಿಗೆ ಹಿಡಿದರು. ಅದು ಕಿರುಚಿಕೊಂಡು ನುಗ್ಗಿ ಬಂತು. ಎರಡು ಜೀಪಿನ ಉದ್ದದಷ್ಟು ದೂರದಲ್ಲಿ ನಿಂತಿತು. ನಾನು ರಿವರ್ಸ್‌ನಲ್ಲೇ ಇನ್ನೂರು ಮೀಟರ್ ಬಂದೆ. ನಮಗೆ ಏನೂ ಆಗಲಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಅದೇ ದಾರಿಯಲ್ಲಿ ಕೆಲಸದ ಹೆಣ್ಣುಮಕ್ಕಳು ಬುತ್ತಿ ಹಿಡಿದು ನಡೆದು ಬರುತ್ತಾರೆ. ರಾತ್ರಿ ನಾವು ರೇಗಿಸಿದ ಆನೆ ಅವರ ಎದುರಿಗೆ ಸಿಕ್ಕಿದ್ದರೆ? ಆ ರಾತ್ರಿ ಮನೆಗೆ ಬಂದು ನಿದ್ದೆ ಮಾಡಲಿಲ್ಲ. ಆಮೇಲೆ ಆ ಕೆಲಸಕ್ಕೆ ಹೋಗಲೂ ಇಲ್ಲ. ಜೊತೆಗೆ, ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಎಸ್ಟೇಟ್ ಅಂಚು ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಶುರುವಾಗುತ್ತದೆ ಅಂತ ಕತ್ತಲಲ್ಲಿ ನಿಮಗೆ ಗೊತ್ತಾಗುವುದಿಲ್ಲ. ಇನ್ನೊಂದು ಮಾತು. ಮಾವನವರು ಕೇಳಿದ್ದು ಹಗಲಲ್ಲಿ ಆನೆಯ ಮುಖ ನೋಡುವುದು. ಅವರ ತೋಟಕ್ಕೆ ಅದು ಬಂದದ್ದೆಲ್ಲ ರಾತ್ರಿಯೇ ಅಲ್ವಾ?

ಈಗ ಎಲ್ಲಿಗೆ ಅಂತ ನೋಡೋಣ. ನಿಮಗೆ ಲಕ್ಕವಳ್ಳಿ ಸರಿ. ಭದ್ರಾ ಡ್ಯಾಮಿನ ಊರು. ಶಿವಮೊಗ್ಗದಿಂದ ಒಂದು ಗಂಟೆಯ ದಾರಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೋಗಲು ಎರಡು ಮುಖ್ಯ ಬಾಗಿಲು. ಚಿಕ್ಕಮಗಳೂರಿನವರಿಗೆ ಮುತ್ತೋಡಿ, ನಮ್ಮ ಕಡೆಯವರಿಗೆ ಲಕ್ಕವಳ್ಳಿ. ಕಾಡು ಸುಮಾರು 500 ಚದರ ಕಿಲೋಮೀಟರ್. 1974ರಿಂದ ಅಭಯಾರಣ್ಯ, 1998ರಿಂದ ಹುಲಿ ಯೋಜನೆಗೆ ಸೇರಿದೆ. ಮುತ್ತೋಡಿ ತುಂಬ ಚಂದದ ಕಾಡು, ಆದರೆ ಅಲ್ಲಿ ಮರ ದಟ್ಟ. ಇಪ್ಪತ್ತು ಅಡಿ ದೂರದಲ್ಲಿ ಆನೆ ನಿಂತಿದ್ದರೂ ಬಿದಿರು ಮುರಿಯುವ ಸದ್ದು ಮಾತ್ರ ಕೇಳಿಸಬಹುದು. ಲಕ್ಕವಳ್ಳಿಯಲ್ಲಿ ಹಿನ್ನೀರಿದೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಡದ ಮಣ್ಣು ಹೊರಗೆ ಬರುತ್ತದೆ, ಅದರ ಮೇಲೆ ಎಳೇ ಹುಲ್ಲು ಚಿಗುರುತ್ತದೆ. ಒಳಗಿನ ಹಳ್ಳಗಳು ಬತ್ತಿರುತ್ತವೆ. ಹುಲ್ಲು, ನೀರು ಎರಡೂ ಒಂದೇ ಕಡೆ ಸಿಗುವಾಗ ಆನೆ ಅಲ್ಲಿಗೇ ಬರುತ್ತದೆ. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು, ನೂರು ಲೀಟರಿಗೂ ಜಾಸ್ತಿ ನೀರು ಬೇಕು. ಬಯಲಲ್ಲಿ ನಿಂತ ಆನೆಯನ್ನು ದೂರದಿಂದಲೇ, ಕಾಲಿನಿಂದ ನೆತ್ತಿಯವರೆಗೆ ಪೂರ್ತಿ ನೋಡಬಹುದು.

ಈ ಕಾಡಿನ ಬಗ್ಗೆ ಮಾವನವರಿಗೆ ಹೇಳಬೇಕಾದ ಒಂದು ವಿಷಯವಿದೆ. ಕೃಷಿ ಮಾಡುವವರು, ಅವರಿಗೆ ಬೇಗ ತಿಳಿಯುತ್ತದೆ. ಮೊದಲು ಇದರೊಳಗೆ ಹಳ್ಳಿಗಳಿದ್ದವು. 2001-02ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟು ಹೊರಗೆ ಬಂದವು. ಹೆಚ್ಚಿನವರು ತರೀಕೆರೆ ಹತ್ತಿರದ ಎಂ.ಸಿ. ಹಳ್ಳಿಗೆ, ಉಳಿದವರು ಮೂಡಿಗೆರೆ ಕಡೆಯ ಕೆಳಗೂರಿಗೆ. ಅವರು ಉಳುತ್ತಿದ್ದ ಗದ್ದೆಗಳಲ್ಲಿ ಈಗ ಹುಲ್ಲು ಬೆಳೆದಿದೆ. ಜಿಂಕೆ, ಕಾಟಿ (ಕಾಡುಕೋಣ), ಆನೆ ಅಲ್ಲೇ ಮೇಯುತ್ತವೆ. ಗದ್ದೆಯ ಬದುವಿನ ಗುರುತು ಈಗಲೂ ಕೆಲವು ಕಡೆ ಕಾಣುತ್ತದೆ. ಅಲ್ಲಿ ಜೀಪು ನಿಲ್ಲಿಸಿದಾಗಲೆಲ್ಲ, ಇದನ್ನು ಬಿಟ್ಟುಕೊಟ್ಟವರ ನೆನಪು ನನಗೆ ಬರುತ್ತದೆ. ಪ್ರವಾಸಿಗರಿಗೂ ಹೇಳುತ್ತಿದ್ದೆ.

ಯಾವಾಗ ಹೋಗಬೇಕು? ಫೆಬ್ರವರಿ ಕೊನೆಯಿಂದ ಮೇ ತಿಂಗಳವರೆಗೆ. ಮಳೆ ಶುರುವಾದ ಮೇಲೆ ಎಲ್ಲ ಕಡೆ ನೀರು, ಎಲ್ಲ ಕಡೆ ಹಸಿರು. ಆನೆ ಹಿನ್ನೀರಿಗೆ ಬರಬೇಕಾದ ಅಗತ್ಯವೇ ಇರುವುದಿಲ್ಲ. ನಿಮಗೆ ಉಂಬಳ ಕಚ್ಚುವುದು ಬೇರೆ. ಹೊತ್ತಿನ ವಿಷಯಕ್ಕೆ ಬಂದರೆ, ಆನೆಗೆ ಸಂಜೆಯೇ ಒಳ್ಳೆಯದು. ಬಿಸಿಲು ಇಳಿದ ಮೇಲೆ ಹಿಂಡು ಮರದ ನೆರಳು ಬಿಟ್ಟು ನೀರಿನ ಕಡೆ ಬರುತ್ತದೆ. ಬೆಳಗಿನ ಸಫಾರಿಯಲ್ಲಿ ಹಕ್ಕಿ, ಜಿಂಕೆ ಚೆನ್ನಾಗಿ ಸಿಗುತ್ತವೆ. ನನ್ನ ಮಾತು ಕೇಳುವುದಾದರೆ ಒಂದು ರಾತ್ರಿ ಲಕ್ಕವಳ್ಳಿಯಲ್ಲಿ ಉಳಿಯಿರಿ. ಒಂದು ಸಂಜೆ, ಮರುದಿನ ಒಂದು ಬೆಳಿಗ್ಗೆ ಹೋಗಿ. ಒಂದೇ ಸಲಕ್ಕೆ ಹೋಗಿ ಆನೆ ಸಿಗದೆ ವಾಪಸ್ ಬಂದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಸ್ವಲ್ಪ ದುಡ್ಡು ಜಾಸ್ತಿ ಖರ್ಚು ಮಾಡುವುದೇ ಆದರೆ ಆ ಎರಡನೇ ಸಫಾರಿಗೆ ಮಾಡಿ.

ಜೀಪಿನ ವಿಷಯ. ಇಲ್ಲಿ ಸಫಾರಿಗೆ ಹೋಗುವುದು ಅರಣ್ಯ ಇಲಾಖೆಯ ಗಾಡಿ ಅಥವಾ ಸರ್ಕಾರದ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜಿನ ಗಾಡಿ. ಅದರಲ್ಲೇ ಇಡೀ ಜೀಪು ನಿಮ್ಮ ಕುಟುಂಬಕ್ಕೇ ಬೇಕೆಂದರೆ ಮೊದಲೇ ಫೋನ್ ಮಾಡಿ ಕೇಳಿ. ಖಾಲಿ ಸೀಟಿನ ದುಡ್ಡೂ ಕಟ್ಟಬೇಕಾಗಬಹುದು. ನಾಲ್ಕು ವರ್ಷದ ಮಗುವನ್ನು ಬಿಡುತ್ತಾರಾ ಅಂತಲೂ ಆಗಲೇ ಕೇಳಿಬಿಡಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ. ಕಾಡಿಗೆ ಬೆಂಕಿ ಬಿದ್ದರೆ ಅಥವಾ ಬೇರೆ ಕಾರಣಕ್ಕೆ ಸಫಾರಿ ನಿಲ್ಲಿಸುವುದುಂಟು. 2025ರ ನವೆಂಬರಿನಲ್ಲಿ ಹುಲಿ ದಾಳಿಗಳಾದ ಮೇಲೆ ಬಂಡೀಪುರ, ನಾಗರಹೊಳೆಯಲ್ಲಿ ನಿಲ್ಲಿಸಿದ್ದರಲ್ಲ, ಹಾಗೆ.

ನಮಗೇ ಒಂದು ಜೀಪು ಅಂತ ಯಾಕೆ ಬೇಕು, ಸ್ವಲ್ಪ ಯೋಚನೆ ಮಾಡಿ. ಹೆಚ್ಚಿನವರು ಇಡೀ ಜೀಪು ತೆಗೆದುಕೊಂಡರೆ ಡ್ರೈವರಿಗೆ ಹೇಳುವುದು ಒಂದೇ. ಇನ್ನೂ ಹತ್ತಿರ ಹೋಗು, ಇನ್ನೂ ಮುಂದೆ ಹೋಗು, ಭಕ್ಷೀಸು ನೋಡಿಕೊಳ್ಳುತ್ತೇವೆ. ಇಪ್ಪತ್ತೆರಡು ವರ್ಷ ಆ ಮಾತು ಕೇಳಿದ್ದೇನೆ. ಸಂಬಳ ಕಡಿಮೆ ಇರುವ ಹುಡುಗ ಎಷ್ಟು ದಿನ ಬೇಡ ಅನ್ನುತ್ತಾನೆ ಹೇಳಿ? ನೀವು ಹತ್ತುವ ಮೊದಲೇ ಅವನ ಹತ್ತಿರ ಹೀಗೆ ಹೇಳಿ: “ತಮ್ಮಾ, ಆನೆ ಸಿಗದಿದ್ದರೂ ನಮಗೆ ಬೇಜಾರಿಲ್ಲ. ಸಿಕ್ಕಿದರೆ ದೂರದಲ್ಲೇ ನಿಲ್ಲಿಸು, ಜಾಸ್ತಿ ಹೊತ್ತು ನಿಲ್ಲಿಸು.” ಇದನ್ನು ಕೇಳಿದ ಡ್ರೈವರಿನ ಮುಖ ನೋಡಿ. ಅವನು ನಿಮಗೋಸ್ಕರ ಇನ್ನೂ ಚೆನ್ನಾಗಿ ಹುಡುಕುತ್ತಾನೆ. ಬೇರೆಯವರ ಜೊತೆ ಹೋದರೆ ಐದು ನಿಮಿಷಕ್ಕೆ ಯಾರೋ ಒಬ್ಬರು ಫೋಟೋ ಆಯ್ತು, ಹುಲಿ ಕಡೆ ಹೋಗೋಣ ಅನ್ನುತ್ತಾರೆ. ನಿಮ್ಮದೇ ಜೀಪಾದರೆ ಸಫಾರಿಯ ಸಮಯ ಮುಗಿಯುವವರೆಗೆ ಒಂದೇ ಹಿಂಡಿನ ಎದುರು ಕೂತಿರಬಹುದು. ಇಡೀ ಜೀಪಿಗೆ ದುಡ್ಡು ಕೊಡಲು ನನಗೆ ಒಪ್ಪಿಗೆಯಾಗುವ ಕಾರಣ ಇದೊಂದೇ.

ಹಾಗೆ ಕೂತಾಗ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಒಂದು ಏಪ್ರಿಲ್ ಸಂಜೆ. ಬೆಂಗಳೂರಿನ ವಯಸ್ಸಾದ ದಂಪತಿ ಇದ್ದರು. ಹಿನ್ನೀರಿನ ಆಚೆ ದಡದಲ್ಲಿ ಹನ್ನೊಂದು ಆನೆ. ಅರ್ಧ ಗಂಟೆ ಸುಮ್ಮನೆ ಮೇದವು. ಎಳೇ ಹುಲ್ಲನ್ನು ಕಾಲಿನ ಉಗುರಿನಿಂದ ಕೆರೆದು, ಸೊಂಡಿಲಿನಲ್ಲಿ ಕಟ್ಟು ಮಾಡಿ, ಮಂಡಿಗೆ ಬಡಿದು ಮಣ್ಣು ಕೊಡವಿ ಬಾಯಿಗೆ ಹಾಕುತ್ತವೆ. ಒಂದು ಹೆಣ್ಣಾನೆ ನೀರಿಗಿಳಿಯಿತು. ಹಿಂದೆ ಎಲ್ಲವೂ ಇಳಿದವು. ಮಧ್ಯದಲ್ಲಿ ಆಳ. ಸೊಂಡಿಲು ಮಾತ್ರ ಮೇಲೆ, ತಲೆ ಮುಳುಗುತ್ತದೆ, ಏಳುತ್ತದೆ. ಮರಿ ಎರಡು ದೊಡ್ಡ ಆನೆಗಳ ನಡುವೆ. ಒಂದು ಸಲ ಮರಿಯ ಸೊಂಡಿಲು ಕಾಣಲಿಲ್ಲ. ಆ ಅಮ್ಮ ನನ್ನ ಭುಜ ಹಿಡಿದುಕೊಂಡರು. ಆಮೇಲೆ ಮೇಲೆ ಬಂತು, ತಾಯಿಯ ಬೆನ್ನಿಗೆ ಒರಗಿತು. ಈಚೆ ದಡಕ್ಕೆ ಬಂದ ಮೇಲೆ ಮೊದಲು ಬಂದ ಹೆಣ್ಣಾನೆ ತಿರುಗಿ ನಿಂತು ಎಲ್ಲರೂ ಹತ್ತುವವರೆಗೆ ಕಾದಿತ್ತು. ನಾವು ಒಂದು ಇಂಚೂ ಮುಂದೆ ಹೋಗಿರಲಿಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಹಿಂಡಿಗೆ ದೊಡ್ಡಾಕೆ ಒಬ್ಬಳು ಇರುತ್ತಾಳೆ. ಅವಳು ಹೇಳಿದ ಕಡೆ ಹೋಗುವುದು, ಅವಳು ನಿಂತರೆ ನಿಲ್ಲುವುದು. ಗಂಡುಮರಿಗಳು ಹತ್ತು ಹದಿನೈದು ವರ್ಷಕ್ಕೆ ಹಿಂಡು ಬಿಟ್ಟು ಹೋಗುತ್ತವೆ. ಆದ್ದರಿಂದ ನಿಮಗೆ ಒಂಟಿ ಸಲಗ ಸಿಕ್ಕಿದರೆ ಅದು ಪಾಪ ಒಂಟಿಯಾಗಿದೆ ಅಂತಲ್ಲ, ಅದರ ಜೀವನವೇ ಹಾಗೆ. ಆನೆಯ ಮನಸ್ಸು ಓದಲು ಮಕ್ಕಳಿಗೆ ಹೇಳಿಕೊಡಿ. ಕಿವಿ ಬೀಸುತ್ತಾ, ಬಾಲ ಆಡಿಸುತ್ತಾ ಮೇಯುತ್ತಿದ್ದರೆ ನೆಮ್ಮದಿಯಾಗಿದೆ. ಮೇಯುವುದು ನಿಲ್ಲಿಸಿ, ಕಿವಿ ಅಗಲ ಮಾಡಿ ಅಲ್ಲಾಡದೆ ನಿಂತರೆ ನಿಮ್ಮನ್ನೇ ಕೇಳಿಸಿಕೊಳ್ಳುತ್ತಿದೆ. ಸೊಂಡಿಲಿನ ತುದಿ ನಿಮ್ಮ ಕಡೆ ತಿರುಗಿದರೆ ವಾಸನೆ ಹಿಡಿಯುತ್ತಿದೆ. ಆನೆಗೆ ಕಣ್ಣು ಅಷ್ಟು ಚುರುಕಲ್ಲ, ಮೂಗು ಬಹಳ ಚುರುಕು. ಸೆಂಟು ಹಾಕಿಕೊಂಡು ಹೋಗಬೇಡಿ. ಮುಂಗಾಲು ತೂಗಿದರೆ, ಮಣ್ಣು ಎರಚಿದರೆ, ತಲೆ ಕೊಡವಿದರೆ, ಹಿಂಡು ಒಟ್ಟಾಗಿ ಮರಿಯನ್ನು ಮಧ್ಯಕ್ಕೆ ತೆಗೆದುಕೊಂಡರೆ, ಹೊರಡಬೇಕು. ಡ್ರೈವರ್ ಹೊರಟರೆ ಇನ್ನೊಂದು ನಿಮಿಷ ಅಂತ ಕೇಳಬೇಡಿ. ಸಲಗದ ಕಣ್ಣು ಕಿವಿಯ ನಡುವೆ ಕೆನ್ನೆಯ ಮೇಲೆ ಎಣ್ಣೆ ಸುರಿದಂಥ ಕಪ್ಪು ಗೆರೆ ಇದ್ದರೆ ಅದಕ್ಕೆ ಮದ ಬಂದಿದೆ. ಒಳ್ಳೆಯ ಡ್ರೈವರ್ ಅಲ್ಲಿ ನಿಲ್ಲುವುದೇ ಇಲ್ಲ.

ಇನ್ನು ಮಾವನವರ ಮಂಡಿ. ಜೀಪಿನ ಹಿಂದಿನ ಸೀಟಿನಲ್ಲಿ ಅವರನ್ನು ಖಂಡಿತ ಕೂರಿಸಬೇಡಿ. ಹಿಂದಿನ ಚಕ್ರದ ಮೇಲೆ ಕೂತರೆ ಪ್ರತಿ ಗುಂಡಿಯೂ ಸೊಂಟಕ್ಕೆ ಬರುತ್ತದೆ. ಡ್ರೈವರ್ ಪಕ್ಕ ಅಥವಾ ಮಧ್ಯದ ಸಾಲು ಆಗಬೇಕು. ಬೆನ್ನಿಗೆ ಒಂದು ದಿಂಬು. ಹತ್ತಲು ಒಂದು ಚಿಕ್ಕ ಮಣೆ ತೆಗೆದುಕೊಂಡು ಹೋಗಿ, ಮನೆಯಲ್ಲಿ ಇದ್ದೇ ಇರುತ್ತದೆ. ಮಂಡಿ ತೀರಾ ಕಷ್ಟ ಅನ್ನುವುದಾದರೆ ಹಿನ್ನೀರಿನಲ್ಲಿ ಬೋಟ್ ಸಫಾರಿಯೂ ಇದೆ. ಅದರಲ್ಲಿ ಕುಲುಕಾಟ ಇಲ್ಲ, ದಡದ ಆನೆ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ನಡುಗಡ್ಡೆಗಳ ಮೇಲೆ ರೀವ ಹಕ್ಕಿಗಳು ಮೊಟ್ಟೆ ಇಡುತ್ತವೆ. ರಿವರ್ ಟರ್ನ್ ಅಂದರೆ ಅದೇ, ಲಾಡ್ಜಿಗೆ ಆ ಹೆಸರು ಬಂದದ್ದೂ ಅದರಿಂದಲೇ. ಬೋಟಿಗೆ ಇಳಿಯುವಾಗ ಮಾತ್ರ ಇಬ್ಬರು ಅವರ ಕೈ ಹಿಡಿಯಿರಿ.

ಒಂದು ದುರ್ಬೀನು ಬೇಕೇ ಬೇಕು. ಯಾರ ಹತ್ತಿರವಾದರೂ ಕೇಳಿ ತನ್ನಿ. ಅದರ ಮೇಲೆ 8×40 ಅಥವಾ 8×42 ಅಂತ ಇದ್ದರೆ ಸಾಕು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎಂಟಕ್ಕಿಂತ ಜಾಸ್ತಿ ಇದ್ದರೆ ವಯಸ್ಸಾದವರ ಕೈಯಲ್ಲಿ ನಡುಗುತ್ತದೆ. ಮನೆಯ ಜಗಲಿಯಲ್ಲಿ ಕೂರಿಸಿ, ಅಡಿಕೆ ಮರದ ತುದಿ ನೋಡಿಸಿ, ಎರಡು ದಿನ ಅಭ್ಯಾಸ ಮಾಡಿಸಿ. ಕಾಡಿನಲ್ಲಿ ಮೊದಲ ಸಲ ಕೈಗೆ ಕೊಟ್ಟರೆ ಆನೆ ಹೋದ ಮೇಲೆ ಕಣ್ಣಿಗೆ ಸರಿಹೊಂದುತ್ತದೆ. ಮಕ್ಕಳಿಗೆ ಹತ್ತುವ ಮೊದಲೇ ಹೊಟ್ಟೆ ತುಂಬ ತಿನ್ನಿಸಿ, ಜೀಪಿನಲ್ಲಿ ಚಿಪ್ಸ್ ಪೊಟ್ಟಣ ಬೇಡ. ಬಟ್ಟೆ ಹಸಿರು, ಕಂದು, ಬೂದು ಯಾವುದಾದರೂ ಆಗುತ್ತದೆ.

ಹೋಗುವ ಮೊದಲು ತೋಟದಲ್ಲಿ ಒಂದು ಕೆಲಸ ಮಾಡಿ. ಆನೆ ಹೆಜ್ಜೆ ಎಲ್ಲಾದರೂ ಹಸಿ ಮಣ್ಣಿನಲ್ಲಿ ಉಳಿದಿದ್ದರೆ ದೊಡ್ಡ ಮಗುವಿನ ಕೈಗೆ ಒಂದು ದಾರ ಕೊಡಿ. ದುಂಡಗಿರುವುದು ಮುಂಗಾಲು, ಉದ್ದುದ್ದ ಇರುವುದು ಹಿಂಗಾಲು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ದಾರದಲ್ಲಿ ಹಿಡಿದು, ಅದನ್ನು ಎರಡು ಪಟ್ಟು ಮಾಡಿ. ಹೆಚ್ಚು ಕಡಿಮೆ ಅಷ್ಟೇ ಆ ಆನೆಯ ಭುಜದ ಎತ್ತರ. ಹೆಜ್ಜೆಯ ಸುತ್ತು ನಾಲ್ಕು ಅಡಿ ಬಂದರೆ ಆನೆ ಎಂಟು ಅಡಿ. ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮಾವನವರಿಗೆ ತೋರಿಸಿ. ಬಾಳೆ ತಿಂದು ಹೋದವರು ಎಷ್ಟು ಎತ್ತರ ಅಂತ ಅವರಿಗೆ ಗೊತ್ತಾಗಲಿ. ಲಕ್ಕವಳ್ಳಿಯಲ್ಲಿ ಏನು ಕಂಡಿತು ಅಂತ ನನಗೆ ಬರೆಯಿರಿ.

ಪ್ರಶ್ನೆ: ಸಾರ್, ಅಪ್ಪ ಹೊಸ ಥಾರ್ ತೆಗೆದುಕೊಂಡಿದ್ದಾರೆ. ಫೋರ್ ವೀಲ್ ಡ್ರೈವ್. ನಾವು ನಾಲ್ವರು ಗೆಳೆಯರು ಅದರಲ್ಲೇ ಕಾಡಿನೊಳಗೆ ಹೋಗಿ ಆನೆ ನೋಡಬಹುದಾ?
ಕಾಲೇಜು ವಿದ್ಯಾರ್ಥಿ, ಭದ್ರಾವತಿ

ಉತ್ತರ: ಸಫಾರಿ ದಾರಿಯಲ್ಲಿ ಸ್ವಂತ ಗಾಡಿ ಬಿಡುವುದಿಲ್ಲ. ಕದ್ದು ಹೋದರೆ ಕೇಸು ಆಗುತ್ತದೆ, ಅಪ್ಪನ ಗಾಡಿ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಡ್ರೋನು ತೆಗೆದುಕೊಂಡು ಹೋಗುವ ಯೋಚನೆ ಇದ್ದರೆ ಅದನ್ನೂ ಬಿಡಪ್ಪ. ಅದರ ಸದ್ದು ಆನೆಗೆ ಜೇನುಹುಳದ ಸದ್ದಿನಂತೆ ಕೇಳುತ್ತದೆ, ಹಿಂಡು ಗಾಬರಿಯಾಗಿ ಓಡುತ್ತದೆ.

ನೀನು ಕೇಳದೇ ಇದ್ದರೂ ಒಂದು ಹೇಳುತ್ತೇನೆ. ನಮ್ಮ ಕಡೆ ಡಾಂಬರು ರಸ್ತೆಯಲ್ಲೇ ಆನೆ ಎದುರಾಗಬಹುದು, ಸಂಜೆ ಮೇಲೆ ಜಾಸ್ತಿ. ಹಾಗಾದರೆ ದೂರದಲ್ಲೇ ನಿಲ್ಲಿಸು. ಹಾರ್ನ್ ಬೇಡ, ಹೈ ಬೀಮ್ ಬೇಡ. ಎಂಜಿನ್ ಆಫ್ ಮಾಡಿ ಆನ್ ಮಾಡಬೇಡ, ಆ ಸ್ಟಾರ್ಟರ್ ಸದ್ದಿಗೆ ಬೆಚ್ಚಿ ಬೀಳುತ್ತದೆ. ಹಿಂದೆ ಹೋಗಲು ಜಾಗ ಇರಲಿ. ಒಂದು ಆನೆ ರಸ್ತೆ ದಾಟಿತು ಅಂತ ತಕ್ಷಣ ಹೊರಡಬೇಡ, ಹಿಂದೆ ಮರಿ ಇರುತ್ತದೆ. ತಾಯಿಗೂ ಮರಿಗೂ ನಡುವೆ ಗಾಡಿ ಹೋಗಬಾರದು. ಕೆಳಗಿಳಿದು ಸೆಲ್ಫಿ ತೆಗೆಯುವ ಗೆಳೆಯ ಇದ್ದರೆ ಅವನನ್ನು ಮನೆಯಲ್ಲೇ ಬಿಟ್ಟು ಬಾ.

ಪ್ರಶ್ನೆ: ಆಗಸ್ಟಿನಲ್ಲಿ ನಾವು ಗಂಡ ಹೆಂಡತಿ ಶ್ರೀಲಂಕಾಕ್ಕೆ ಹೋಗುತ್ತಿದ್ದೇವೆ. ಅಲ್ಲಿ ಖಾಸಗಿ ಜೀಪು ಬಾಡಿಗೆಗೆ ಸಿಗುತ್ತದಂತೆ. ಆನೆ ನೋಡಲು ಯಾವ ಜಾಗ ಒಳ್ಳೆಯದು? ಏನು ನೋಡಿಕೊಳ್ಳಬೇಕು?
ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಉತ್ತರ: ಒಳ್ಳೆಯ ತಿಂಗಳನ್ನೇ ಆರಿಸಿದ್ದೀರಿ ಸಾರ್. ನಾನು ಹೋಗಿದ್ದು ಒಂದೇ ಸಲ, ಮಗಳು ಅಳಿಯನ ಜೊತೆ. ಅಲ್ಲಿ ಪದ್ಧತಿ ಬೇರೆ. ಖಾಸಗಿಯವರ ಜೀಪನ್ನೇ ಇಡಿಯಾಗಿ ಬಾಡಿಗೆಗೆ ಹಿಡಿದು ಪಾರ್ಕಿನೊಳಗೆ ಹೋಗುತ್ತಾರೆ. ಜೀಪಿನ ಬಾಡಿಗೆ ಬೇರೆ, ಪಾರ್ಕಿನ ಪ್ರವೇಶ ದುಡ್ಡು ಬೇರೆ. ಹೊರದೇಶದವರಿಗೆ ಪ್ರವೇಶ ದರ ಜಾಸ್ತಿ. ಬಾಡಿಗೆ ಮಾತಾಡುವಾಗ ಇದರಲ್ಲಿ ಟಿಕೆಟ್ ಸೇರಿದೆಯಾ, ಎಷ್ಟು ಗಂಟೆ ಅಂತ ಎರಡನ್ನೂ ಕೇಳಿಬಿಡಿ.

ಜಾಗ ಮಿನ್ನೇರಿಯಾ. ಹಬರಣ ಊರಿಗೂ ಪೊಲೊನ್ನರುವಕ್ಕೂ ನಡುವೆ ಬರುತ್ತದೆ. ಅಲ್ಲಿ ಮಹಾಸೇನ ಅನ್ನುವ ರಾಜ ಸುಮಾರು 1,700 ವರ್ಷದ ಹಿಂದೆ ಕಟ್ಟಿಸಿದ ಕೆರೆಯಿದೆ. ಕೆರೆ ಅಂದರೆ ನಮ್ಮ ಊರಿನ ಕೆರೆಯಲ್ಲ, ಸಮುದ್ರದ ಹಾಗಿದೆ. ಅದರ ಸುತ್ತ 1997ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ. ಆಗಸ್ಟ್, ಸೆಪ್ಟೆಂಬರ್ ಅಲ್ಲಿ ಒಣಗಾಲ. ಕೆರೆಯ ನೀರು ಇಳಿದು ಅಂಗಳದಲ್ಲಿ ಹುಲ್ಲು ಬರುತ್ತದೆ. ನಮ್ಮ ಭದ್ರಾ ಹಿನ್ನೀರಿನ ಕಥೆಯೇ, ಆದರೆ ಅಲ್ಲಿ ಇನ್ನೂರು ಮುನ್ನೂರು ಆನೆ ಒಂದೇ ಕಡೆ ಸೇರುತ್ತವೆ. ಮಧ್ಯಾಹ್ನದ ಮೇಲೆ ಹೋಗಿ, ಸಂಜೆ ನಾಲ್ಕರ ನಂತರ ಕಾಡಿನಿಂದ ಹೊರಗೆ ಬರುತ್ತವೆ. ಕೆರೆಯಲ್ಲಿ ನೀರು ಇಳಿಯದ ವರ್ಷ ಹುಲ್ಲು ಇರುವುದಿಲ್ಲ, ಆನೆಯೂ ಕಡಿಮೆ. ಆಗ ಹತ್ತಿರದ ಕೌಡುಲ್ಲ ಪಾರ್ಕಿಗೋ ಹುರುಲುವಿಗೋ ಹೋಗಿರುತ್ತವೆ. ಹಬರಣದ ಡ್ರೈವರುಗಳಿಗೆ ಅವತ್ತು ಎಲ್ಲಿವೆ ಅಂತ ಗೊತ್ತಿರುತ್ತದೆ. ಒಂದೇ ಪಾರ್ಕಿನ ಹೆಸರು ಹಿಡಿದು ಹಟ ಮಾಡಬೇಡಿ, ಅವರನ್ನು ಕೇಳಿ. ನೀವು ದಕ್ಷಿಣದ ಕಡೆ ಮಾತ್ರ ಹೋಗುವುದಾದರೆ ಉಡವಲವೆ ಇದೆ, ಅಲ್ಲಿ ವರ್ಷವಿಡೀ ಆನೆ ಸಿಗುತ್ತದೆ.

ಬೇಜಾರಿನ ಸಂಗತಿ ಜೀಪುಗಳ ಜಾತ್ರೆ. ನಾನು ಹೋದ ಸಂಜೆ ಒಂದು ಹಿಂಡಿನ ಸುತ್ತ ಮೂವತ್ತಕ್ಕೂ ಜಾಸ್ತಿ ಜೀಪು ಎಣಿಸಿದೆ. ಒಂದು ಮರಿಯಾನೆಗೆ ನೀರಿನ ಕಡೆ ಹೋಗಲು ದಾರಿಯೇ ಇರಲಿಲ್ಲ. ನಮ್ಮ ಡ್ರೈವರಿಗೆ ಭಾಷೆ ಬರದಿದ್ದರೂ ಕೈಸನ್ನೆ ಮಾಡಿ ಹಿಂದೆ ತೆಗೆಸಿದೆ. ಅವನೂ ಜೀಪಿನವನು, ಅರ್ಥವಾಯಿತು. ದೂರದ ದಿಬ್ಬದ ಮೇಲೆ ನಿಲ್ಲಿಸಿದ. ಅಲ್ಲಿಂದ ಇಡೀ ಕೆರೆಯಂಗಳ ಕಾಣುತ್ತಿತ್ತು. ನೀವೂ ಹಾಗೇ ಕೇಳಿ.

ಒಂದು ವ್ಯತ್ಯಾಸ ಗಮನಿಸಿ. ನಮ್ಮ ಕಡೆ ಗಂಡಾನೆ ಅಂದರೆ ದಂತ ಇದ್ದೇ ಇರುತ್ತದೆ, ದಂತವಿಲ್ಲದ ಮಕ್ನಾ ಅಪರೂಪ. ಶ್ರೀಲಂಕಾದಲ್ಲಿ ಉಲ್ಟಾ. ಹತ್ತು ಗಂಡಿನಲ್ಲಿ ಒಂದಕ್ಕೂ ದಂತ ಇರುವುದಿಲ್ಲ. ಅದಕ್ಕೇ ಅವರ ಸಿಂಹಳದಲ್ಲಿ ಎರಡು ಬೇರೆ ಮಾತು. ದಂತವಿಲ್ಲದ್ದು ಅಲಿಯಾ, ದಂತ ಇರುವುದು ಆತಾ. ಡ್ರೈವರ್ “ಆತಾ, ಆತಾ” ಅಂತ ಕೂಗಿದರೆ ಬೇಗ ತಿರುಗಿ ನೋಡಿ. 2011ರಲ್ಲಿ ಎಣಿಸಿದಾಗ ಇಡೀ ದ್ವೀಪದಲ್ಲಿ 5,879 ಆನೆ ಇದ್ದವು. ನಮ್ಮ ಕರ್ನಾಟಕವೊಂದರಲ್ಲೇ 2023ರ ಗಣತಿಯಲ್ಲಿ 6,395 ಸಿಕ್ಕಿವೆ. ಆ ಲೆಕ್ಕವನ್ನು ಅಲ್ಲಿಯ ಜೀಪಿನವರಿಗೆ ಹೇಳಿ, ಖುಷಿಯಿಂದ ಮಾತಿಗೆ ಬರುತ್ತಾರೆ.

ಪ್ರಶ್ನೆ: ಅಂಕಲ್, ನಾನು ಆರನೇ ಕ್ಲಾಸು. ಕಾಡಾನೆ ನೋಡಬೇಕು ಅಂದರೆ ಅಪ್ಪ ಸಕ್ರೆಬೈಲಿಗೆ ಹೋದರೆ ಸಾಕು ಅಂತಾರೆ. ಸಕ್ರೆಬೈಲಿನ ಆನೆಗಳು ಕಾಡಾನೆಗಳೇನಾ?
ಒಬ್ಬಳು ಹುಡುಗಿ, ತೀರ್ಥಹಳ್ಳಿ

ಉತ್ತರ: ಪುಟ್ಟಿ, ಅಪ್ಪ ಹೇಳಿದ್ದು ಅರ್ಧ ಸರಿ. ಸಕ್ರೆಬೈಲಿನ ಕ್ಯಾಂಪಿನಲ್ಲಿರುವುದು ಅರಣ್ಯ ಇಲಾಖೆ ಸಾಕಿರುವ ಆನೆಗಳು. ಕೆಲವು ತೋಟ ಗದ್ದೆಗೆ ನುಗ್ಗಿ ತೊಂದರೆ ಕೊಟ್ಟು, ಹಿಡಿದು ತಂದು ಪಳಗಿಸಿದವು. ಕೆಲವು ಅಲ್ಲೇ ಹುಟ್ಟಿದವು. ಅವುಗಳಲ್ಲಿ ಕೆಲವು ಶಿವಮೊಗ್ಗ ದಸರಾಕ್ಕೆ ಬರುತ್ತವೆ, ನೋಡಿರಬಹುದು. ಬೇರೆ ಊರಿಗೆ ಕಾಡಾನೆ ಹಿಡಿಯುವ ಕೆಲಸಕ್ಕೂ ಹೋಗುತ್ತವೆ.

ಆದರೆ ನಿನಗೆ ಯಾರೂ ಹೇಳದೇ ಇರುವ ಸಂಗತಿ ಇದು. ಸಂಜೆಯಾದ ಮೇಲೆ ಅವುಗಳನ್ನು ಮೇಯಲು ಪಕ್ಕದ ಶೆಟ್ಟಿಹಳ್ಳಿ ಕಾಡಿಗೆ ಬಿಡುತ್ತಾರೆ. ಕಾಲಿಗೆ ಒಂದು ಉದ್ದದ ಸರಪಳಿ ಇರುತ್ತದೆ. ರಾತ್ರಿಯೆಲ್ಲ ಬಿದಿರು, ಬೈನೆ, ಹುಲ್ಲು ತಿನ್ನುತ್ತವೆ. ಕಾಡಿನ ಸಲಗಗಳು ಬಂದು ಇವುಗಳ ಜೊತೆ ಸೇರುವುದೂ ಉಂಟು. ಕ್ಯಾಂಪಿನಲ್ಲಿ ಹುಟ್ಟಿದ ಕೆಲವು ಮರಿಗಳ ಅಪ್ಪ ಕಾಡಾನೆಯೇ. ಬೆಳಿಗ್ಗೆ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ನೆಲದಲ್ಲಿ ಸರಪಳಿ ಎಳೆದುಕೊಂಡು ಹೋದ ಗೆರೆ ಹಿಡಿದು ಹುಡುಕುತ್ತಾ ಹೋಗುತ್ತಾರೆ. ಸಿಕ್ಕಿದ ಮೇಲೆ ಹೆಸರು ಹಿಡಿದು ಕರೆದು, ಕತ್ತಿನ ಮೇಲೆ ಹತ್ತಿ ಸ್ನಾನಕ್ಕೆ ತುಂಗಾ ನದಿಗೆ ತರುತ್ತಾರೆ.

ನಿಮ್ಮ ಊರಿನಿಂದ ಶಿವಮೊಗ್ಗದ ಕಡೆ ಬರುವ ದಾರಿಯಲ್ಲೇ ಇದೆ, ಶಿವಮೊಗ್ಗಕ್ಕೆ 14 ಕಿಲೋಮೀಟರ್ ಇರುವಾಗ. ಬೆಳಿಗ್ಗೆ ಬೇಗ ಹೋಗು, ಹನ್ನೊಂದರ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಸ್ನಾನದ ಜಾಗದಲ್ಲಿ ಮರಿ ಇದ್ದರೆ ಅದರ ಬೆನ್ನು ನೋಡು, ಮುಳ್ಳಿನಂಥ ಕೂದಲು ತುಂಬ ಇರುತ್ತದೆ. ಅದನ್ನು ಮುಟ್ಟಬೇಕು ಅನ್ನಿಸುತ್ತದೆ. ಮಾವುತರನ್ನು ಕೇಳದೆ ಮುಟ್ಟಬೇಡ. ಆನೆಯ ಕಾಲಿನ ಸರಪಳಿ ನೆಲದಲ್ಲಿ ಎಂಥ ಗೆರೆ ಬಿಡುತ್ತದೆ ಅಂತ ನೋಡಿಕೊಂಡು ಬಾ. ಅದನ್ನು ಚಿತ್ರ ಬರೆದು ನನಗೆ ಕಳಿಸು.